ಡೇರೆಯ ಸುಖ: ಬರ್ನಿಯರನ ಸಾಮಾನು ಪಟ್ಟಿಯ ಒಂದು ವಿಮರ್ಶೆ

ಕಳೆದ ಮಾಗಿಯಲ್ಲಿ ನಮ್ಮ ಮನೆಯ ಮಕ್ಕಳು, ಸೊಸೆಯಂದಿರು ಮತ್ತು ಮೊಮ್ಮಕ್ಕಳು ಕೊಡಗಿನ ಒಂದು ಡೇರೆ ವಸತಿಯಲ್ಲಿ ಎರಡು ರಾತ್ರಿ ಕಳೆಯಲು ನಿಶ್ಚಯಿಸಿ, ನನ್ನನ್ನೂ ಒತ್ತಾಯದಿಂದ ಕರೆದೊಯ್ದರು. ಇಂತಹ ವಾಸವನ್ನು ಈಗ ‘ಗ್ಲ್ಯಾಂಪಿಂಗ್’ ಎಂದು ಕರೆಯುತ್ತಾರೆ. ಹೆಸರಿಗೆ ಡೇರೆ, ಒಳಗೆ ಮಂಚ, ಮೆತ್ತೆ, ವಿದ್ಯುದ್ದೀಪ, ಬಿಸಿನೀರಿನ ಸ್ನಾನಗೃಹ ಎಲ್ಲವೂ ಉಂಟು. ಹೊರಡುವುದಕ್ಕೆ ಒಂದು ವಾರ ಮೊದಲೇ, ಸುಖವಾದ ಡೇರೆವಾಸಕ್ಕೆ ಏನೇನು ಒಯ್ಯಬೇಕೆಂಬ ಒಂದು ಪಟ್ಟಿ ಹಿರಿಯ ಮೊಮ್ಮಗನ ಫೋನಿಗೆ ಬಂದಿತ್ತು. ಎಣಿಸಿ ನೋಡಿದೆ: 62 ವಸ್ತುಗಳು. ಅಲಂಕಾರದ ದೀಪಮಾಲೆ, ನೆಲಹಾಸು, ಮೆತ್ತನೆಯ ಹೆಚ್ಚುವರಿ ದಿಂಬು, ಕಾಫಿ ಯಂತ್ರ, ಹಾಡು ಕೇಳುವ ಪೆಟ್ಟಿಗೆ, ಹೀಗೆ.

ವಾಹನ ನಿಲ್ಲುವ ಸ್ಥಳದಿಂದ ಡೇರೆಗಳಿಗೆ ಇಳಿಜಾರಿನ ಕಾಲುದಾರಿ. ನಾವು ಒಂಬತ್ತು ಜನ. ನಮ್ಮ ಚೀಲಗಳು ಹದಿನೇಳು. ಅವನ್ನು ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಕೆಲಸದವರೊಬ್ಬರು ಏಳು ಸಲ ಹತ್ತಿ ಇಳಿದು ಸಾಗಿಸಿದರು. ಅದರಲ್ಲಿ ನನ್ನ ಮಡಿಸುವ ಆರಾಮ ಕುರ್ಚಿಯೂ, ಓದಲೆಂದು ಕಟ್ಟಿಕೊಂಡಿದ್ದ ಆರು ಪುಸ್ತಕಗಳೂ ಇದ್ದವು. ಆ ರಾತ್ರಿ ವಿದ್ಯುತ್ತು ಹೋದಾಗ ನಮ್ಮಲ್ಲಿ ಒಂದು ಟಾರ್ಚ್ ಇರಲಿಲ್ಲ. ಕಿರಿಯ ಮೊಮ್ಮಗಳಿಗೆ ಕೆಮ್ಮು ಹತ್ತಿದಾಗ ಔಷಧವೂ ಇರಲಿಲ್ಲ. ಮರುದಿನ ಆ ಕುರ್ಚಿಯಲ್ಲಿ ಕುಳಿತು ಆರರಲ್ಲಿ ಒಂದೇ ಒಂದು ಪುಸ್ತಕವನ್ನು ತೆರೆದೆ. ಅದು ಫ್ರಾನ್ಸ್ ದೇಶದ ವೈದ್ಯ ಫ್ರಾಂಸ್ವಾ ಬರ್ನಿಯರನ ಪ್ರವಾಸ ಕಥನದ ಇಂಗ್ಲಿಷ್ ಅನುವಾದವಾಗಿತ್ತು. ಆಶ್ಚರ್ಯವೆಂದರೆ, ನಾನು ವಿಚಾರಿಸುತ್ತಿದ್ದ ವಿಷಯಕ್ಕೆ ಆ ಗ್ರಂಥದಲ್ಲಿಯೇ ಒಂದು ಪಟ್ಟಿ ದೊರೆಯಿತು. ಅದರ ಗುಣದೋಷಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಬರ್ನಿಯರನ ಗ್ರಂಥವು ಪ್ಯಾರಿಸಿನಲ್ಲಿ 1670 ಮತ್ತು 1671ರಲ್ಲಿ ಪ್ರಕಟವಾಯಿತು. ಆತನು ಮೊಗಲ್ ಆಸ್ಥಾನದ ಅಮೀರ ದಾನಿಶ್‌ಮಂದ್ ಖಾನನ ಆಶ್ರಯದಲ್ಲಿದ್ದು ತಿಂಗಳಿಗೆ 150 ಕ್ರೌನ್ ವೇತನ ಪಡೆಯುತ್ತಿದ್ದನು. 1664ರ ಡಿಸೆಂಬರ್ 6ರಂದು ಔರಂಗಜೇಬನು ದೆಹಲಿಯಿಂದ ಲಾಹೋರಿನ ಮಾರ್ಗವಾಗಿ ಕಾಶ್ಮೀರಕ್ಕೆ ಹೊರಟಾಗ ಬರ್ನಿಯರನೂ ತನ್ನ ಒಡೆಯನೊಡನೆ ಹೊರಡಬೇಕಾಯಿತು. ಈ ಪ್ರಯಾಣವನ್ನು ಅವನು ಒಂಬತ್ತು ಪತ್ರಗಳಲ್ಲಿ ವರ್ಣಿಸಿದ್ದಾನೆ. ಮೊದಲನೆಯ ಪತ್ರದಲ್ಲಿಯೇ, ಡೇರೆಯ ಬದುಕಿಗೆ ತಾನು ಏನೇನು ಸಿದ್ಧಪಡಿಸಿಕೊಂಡೆನೆಂಬುದನ್ನು ಒಬ್ಬ ಗುಮಾಸ್ತನ ನಿಷ್ಠೆಯಿಂದ ಬರೆದಿದ್ದಾನೆ.

ಎರಡು ತಾರ್ತರ ಕುದುರೆಗಳು, ಬಲವಾದ ಒಂದು ಪಾರಸಿ ಒಂಟೆ, ಒಂಟೆಯವನು, ಕುದುರೆಯಾಳು, ಅಡುಗೆಯವನು ಮತ್ತು ನೀರಿನ ಪಾತ್ರೆ ಹಿಡಿದು ಕುದುರೆಯ ಮುಂದೆ ನಡೆಯುವ ಒಬ್ಬ ಸೇವಕ. ಹದವಾದ ಗಾತ್ರದ ಒಂದು ಡೇರೆ, ಒಂದು ಜಮಖಾನ, ಹಗುರವಾದರೂ ಗಟ್ಟಿಯಾದ ನಾಲ್ಕು ಬೆತ್ತಗಳಿಂದ ಕೂಡಿಸುವ ಮಂಚ, ಒಂದು ದಿಂಬು, ಎರಡು ಹೊದಿಕೆ. ಆ ಎರಡರಲ್ಲಿ ಒಂದನ್ನು ನಾಲ್ಕು ಮಡಿಕೆ ಮಾಡಿದರೆ ಅದೇ ಹಾಸಿಗೆ. ಊಟಕ್ಕೆ ಹಾಸುವ ದುಂಡನೆಯ ಚರ್ಮದ ಹಾಸು, ಬಣ್ಣದ ಬಟ್ಟೆಯ ಕೆಲವು ಕೈವಸ್ತ್ರ, ಅಡುಗೆ ಪಾತ್ರೆಗಳ ಮೂರು ಸಣ್ಣ ಚೀಲ. ಐದಾರು ದಿನಗಳಿಗೆ ಸಾಲುವಷ್ಟು ಒಳ್ಳೆಯ ಅಕ್ಕಿ, ಸೋಂಪು ಬೆರೆಸಿದ ಸಿಹಿ ಬಿಸ್ಕತ್ತು, ನಿಂಬೆಹಣ್ಣು, ಸಕ್ಕರೆ. ಕೊನೆಗೆ, ಮೊಸರನ್ನು ತೂಗುಹಾಕಿ ನೀರು ಬಸಿಯಲು ಒಂದು ಬಟ್ಟೆಯ ಚೀಲ ಮತ್ತು ಅದಕ್ಕೊಂದು ಸಣ್ಣ ಕಬ್ಬಿಣದ ಕೊಂಡಿ. ಶ್ರೀಖಂಡ ಮಾಡುವ ಮನೆಗಳಿಗೆ ಈ ಚೀಲದ ಪರಿಚಯ ಹೇಳಬೇಕಾಗಿಲ್ಲ. ಆ ಬಿಸಿಲಿನ ನಾಡಿನಲ್ಲಿ ನಿಂಬೆಯ ಪಾನಕ ಮತ್ತು ಮೊಸರಿಗಿಂತ ತಂಪು ಬೇರೆಯಿಲ್ಲವೆಂಬುದನ್ನು ಈ ಪರದೇಶಿಯು ಚೆನ್ನಾಗಿ ಅರಿತಿದ್ದನು.

ಈ ಪಟ್ಟಿಯ ಮೊದಲನೆಯ ಗುಣವೆಂದರೆ, ಇದರಲ್ಲಿರುವ ವಸ್ತುಗಳು ನಿರ್ದಿಷ್ಟವಾದ ಕೊರತೆಗಳನ್ನು ನೋಡಿ ಆರಿಸಿದವು. ಪೇಟೆಯ ರೊಟ್ಟಿ ಸರಿಯಾಗಿ ಬೇಯದೆ ಮರಳು ಧೂಳುಗಳಿಂದ ಕೂಡಿರುತ್ತದೆಂದು ಅವನು ಬಲ್ಲನು. ಆದುದರಿಂದ ಅಕ್ಕಿ ಮತ್ತು ಬಿಸ್ಕತ್ತು. ದಾರಿಯ ನೀರು ಕೆಸರಿನದು, ಅದರಿಂದ ಜ್ವರವೂ ಕಾಲಿನ ಹುಣ್ಣುಹುಳುವೂ ಬರುತ್ತವೆಂದು ವೈದ್ಯನಾಗಿ ಅವನಿಗೆ ಭಯವಿತ್ತು. ಅವನ ಒಡೆಯನು ಆಸ್ಥಾನದ ಇತರರಂತೆ ಹಲವು ಒಂಟೆಗಳ ಮೇಲೆ ಗಂಗೆಯ ನೀರನ್ನು ಹೇರಿಸಿದ್ದನು. ಅದರಲ್ಲಿ ದಿನಕ್ಕೆ ಒಂದು ಹೂಜಿಯನ್ನು ಬರ್ನಿಯರನಿಗೆ ಕೊಡುವ ಮಾತಾಗಿತ್ತು. ತವರದ ಆ ಹೂಜಿಗೆ ಕೆಂಪು ಬಟ್ಟೆಯ ಗವಸು. ಗವಸನ್ನು ಒದ್ದೆ ಮಾಡಿ ಗಾಳಿಗೆ ಹಿಡಿದು ನಡೆದರೆ ನೀರು ತಣ್ಣಗಾಗುತ್ತದೆ. ನಮ್ಮ ಮಣ್ಣಿನ ಹೂಜಿಯ ತತ್ತ್ವವೇ ಇದು: ನೀರು ಆರುವಾಗ ಶಾಖವನ್ನು ಸೆಳೆದುಕೊಳ್ಳುತ್ತದೆ. ಒಂದು ತುಂಡು ಬಟ್ಟೆಯಿಂದ ದೊರೆತ ಈ ಸುಖಕ್ಕೆ ತೂಕವೇ ಇಲ್ಲ.

ಎರಡನೆಯ ಗುಣ, ಒಂದು ವಸ್ತುವಿನಿಂದ ಎರಡು ಕೆಲಸ. ಹೊದಿಕೆಯೇ ಹಾಸಿಗೆಯಾಗುತ್ತದೆ, ಮಂಚವು ನಾಲ್ಕು ಬೆತ್ತಗಳಾಗಿ ಬಿಚ್ಚಿಕೊಳ್ಳುತ್ತದೆ. ಮೂರನೆಯದು ನನಗೆ ಬಹಳ ಹಿಡಿಸಿದ ಗುಣ. ಎಲ್ಲವನ್ನೂ ತುಂಬುವ ದೊಡ್ಡ ಜೋಡಿ ಚೀಲದಲ್ಲಿ ಒಡೆಯನ ಬಟ್ಟೆಯೊಡನೆ ಸೇವಕರ ಬಟ್ಟೆಗೂ ಸ್ಥಳವಿದೆಯೆಂದು ಅವನು ಮರೆಯದೆ ಬರೆದಿದ್ದಾನೆ. ನಮ್ಮ ಮನೆಗೆ ಬಂದ 62 ವಸ್ತುಗಳ ಪಟ್ಟಿಯಲ್ಲಿ ಇಂತಹ ಒಂದು ಸಾಲನ್ನೂ ನಾನು ಕಾಣಲಿಲ್ಲ.

ಬರ್ನಿಯರನ ಮಿತವನ್ನು ತೂಗಲು ಪಕ್ಕದಲ್ಲಿಯೇ ಚಕ್ರವರ್ತಿಯ ಡೇರೆಯಿದೆ. ಬಾದಶಹನಿಗೆ ಡೇರೆಗಳ ಎರಡು ಸಂಪೂರ್ಣ ಜೊತೆಗಳಿದ್ದವು. ಒಂದರಲ್ಲಿ ಆತನು ತಂಗಿರುವಾಗ ಇನ್ನೊಂದು ಒಂದು ದಿನ ಮುಂಚಿತವಾಗಿ ಹೋಗಿ ಮುಂದಿನ ಬಿಡಾರದಲ್ಲಿ ನಿಂತಿರುತ್ತಿತ್ತು. ಇದಕ್ಕೆ ‘ಪೇಶ್‌ಖಾನಾ’ ಎಂದು ಹೆಸರು. ಅಂತಹ ಒಂದು ಜೊತೆಯನ್ನು ಸಾಗಿಸಲು 60ಕ್ಕೂ ಮಿಕ್ಕಿ ಆನೆಗಳು, 200 ಒಂಟೆಗಳು, 100 ಹೇಸರಗತ್ತೆಗಳು ಮತ್ತು 100 ಹೊರೆಯಾಳುಗಳು ಬೇಕಾಗುತ್ತಿದ್ದರೆಂದು ಬರ್ನಿಯರನು ಲೆಕ್ಕ ಕೊಡುತ್ತಾನೆ. ಭಾರವಾದ ಡೇರೆಗಂಬಗಳು ಆನೆಗೆ, ಸಣ್ಣ ಡೇರೆಗಳು ಒಂಟೆಗೆ, ಅಡುಗೆ ಸಾಮಾನು ಹೇಸರಗತ್ತೆಗೆ. ಒಡೆಯುವ ಪಿಂಗಾಣಿ ಮತ್ತು ಬಣ್ಣ ಬಳಿದ ಮಂಚಗಳು ಮನುಷ್ಯನ ಹೆಗಲಿಗೆ. ದೆಹಲಿಯಿಂದ ಲಾಹೋರಿಗೆ ಹದಿನೈದು ದಿನಗಳ ದಾರಿಯನ್ನು ಈ ದಂಡು ಸುಮಾರು ಎರಡು ತಿಂಗಳಲ್ಲಿ ಕ್ರಮಿಸಿತು. ನಡುವೆ ನಡೆದ ಬೇಟೆಗಳೂ ಈ ವಿಳಂಬಕ್ಕೆ ಕಾರಣ.

ಲಾಹೋರನ್ನು ದಾಟಿ ಬೆಟ್ಟದ ಬುಡದಲ್ಲಿರುವ ಭಿಂಬರ್ ಎಂಬ ಸ್ಥಳಕ್ಕೆ ಬರುವಷ್ಟರಲ್ಲಿ ಬೇಸಗೆ ಏರಿತ್ತು. ಇಲ್ಲಿಂದ ಮುಂದೆ ಪರ್ವತದ ದಾರಿ. ಒಂಟೆಯ ಉದ್ದನೆಯ ಬಿರುಸು ಕಾಲುಗಳು ಅಲ್ಲಿ ನಡೆಯಲಾರವು. ಈ ಒಂದು ಕಾರಣದಿಂದ ಎಲ್ಲರ ಪಟ್ಟಿಗಳೂ ಪರಿಷ್ಕಾರಗೊಂಡವು. ಬರ್ನಿಯರನು ತನ್ನ ದೊಡ್ಡ ಡೇರೆಯನ್ನೂ ಬಹಳಷ್ಟು ಸಾಮಾನನ್ನೂ ಲಾಹೋರಿನಲ್ಲಿಯೇ ಬಿಟ್ಟಿದ್ದನು. ಅಮೀರರೂ ಸ್ವತಃ ಬಾದಶಹನೂ ಹಾಗೆಯೇ ಮಾಡಿದರು. ಬಿಟ್ಟ ಮೇಲೂ ಉಳಿದದ್ದು ಎಷ್ಟು? ಬಾದಶಹನೊಬ್ಬನಿಗೇ 6,000 ಹೊರೆಯಾಳುಗಳೆಂದು ಬರ್ನಿಯರನು ಕೇಳಿದ್ದನು. ಭಿಂಬರಿನಲ್ಲಿ ಆಗಲೇ 15,000 ಜನ ಸೇರಿದ್ದರು. ಒಟ್ಟು 30,000 ಜನ ಬೇಕಾಗುವರೆಂಬ ಅಂದಾಜಿತ್ತು. ಬರ್ನಿಯರನ ಪಾಲಿಗೆ ಮೂವರು. ನೂರು ಪೌಂಡು ತೂಕಕ್ಕೆ 10 ಕ್ರೌನ್ ಕೂಲಿಯೆಂದು ರಾಜಾಜ್ಞೆಯೇ ಆಗಿತ್ತು.

ನಾನು ವ್ಯಾಪಾರಿ; ಬಿ.ಕಾಂ. ಓದಿ ಅಂಗಡಿಯ ಲೆಕ್ಕದಲ್ಲಿಯೇ ತಲೆ ನರೆಸಿಕೊಂಡವನು. ನನ್ನ ದೃಷ್ಟಿಯಲ್ಲಿ ಬರ್ನಿಯರನ ಗ್ರಂಥದ ಅತ್ಯಂತ ಮಹತ್ತ್ವದ ಅಂಕಿ ಆ ‘ಮೂವರು’ ಎಂಬುದು. ದೆಹಲಿಯ ಪಟ್ಟಿಯಲ್ಲಿ ವಸ್ತುಗಳಿದ್ದವು, ಒಂಟೆಯೂ ಇತ್ತು. ಆದರೆ ಒಂಟೆಯ ಮೇಲೆ ಹೇರುವಾಗ ಒಂದೊಂದು ವಸ್ತುವಿನ ತೂಕವನ್ನು ವಿಚಾರಿಸುವ ಅಗತ್ಯ ಯಾರಿಗೂ ಬೀಳಲಿಲ್ಲ. ಆ ಗಂಟನ್ನು ಒಂಟೆಯ ಬೆನ್ನಿಗೆ ಏರಿಸಲು ಮೂರು ನಾಲ್ಕು ಜನ ಹೆಣಗಬೇಕಾಗುತ್ತಿತ್ತೆಂದು ಅವನೇ ಒಪ್ಪಿಕೊಳ್ಳುತ್ತಾನೆ. ಬೆನ್ನು ಮನುಷ್ಯನದಾದಾಗ, ತೂಕಕ್ಕೆ ಬೆಲೆ ಕಟ್ಟಿದಾಗ, ಇಷ್ಟು ದಿನ ಅಗತ್ಯವೆನಿಸಿದ್ದು ಅನಗತ್ಯವಾಯಿತು. ಪಟ್ಟಿ ಮಾಡುವವನು ಮೊದಲು ಕೇಳಬೇಕಾದ ಪ್ರಶ್ನೆಯನ್ನು ಆ ದಂಡು ಎರಡು ತಿಂಗಳ ತರುವಾಯ, ದಾರಿಯು ಬಲವಂತ ಮಾಡಿದಾಗ ಮಾತ್ರ ಕೇಳಿಕೊಂಡಿತು. ಗ್ರಂಥದ ದೋಷವೂ ಇಲ್ಲಿಯೇ ಇದೆ. ಮೊಸರಿನ ಚೀಲದ ಕೊಂಡಿಯನ್ನೂ ನೆನೆದ ಲೇಖಕನ ಪತ್ರದಲ್ಲಿ ಆ ಮೂವರು ಒಂದು ಸಂಖ್ಯೆಯಾಗಿ ಮಾತ್ರ ಉಳಿಯುತ್ತಾರೆ.

ಇನ್ನು ನಮ್ಮ ಕಾಲದ ಪಟ್ಟಿ. ಇದು ಸುಖವನ್ನು ವಸ್ತುಗಳ ಸಂಖ್ಯೆಯಿಂದ ಅಳೆಯುತ್ತದೆ. ಡೇರೆಯಲ್ಲಿ ಈಗಾಗಲೇ ಇರುವುದನ್ನೇ ಮತ್ತೆ ಒಯ್ಯಲು ಹೇಳುತ್ತದೆ. ಪರಿಗ್ರಹ ಪರಿಮಾಣವನ್ನು ಉಪದೇಶಿಸುವುದು ಇಲ್ಲಿ ನನ್ನ ಉದ್ದೇಶವಲ್ಲ. ಅದನ್ನು ವಾಚಕರು ಬಲ್ಲರು. ಸುಖದ ದೃಷ್ಟಿಯಿಂದಲೇ ನೋಡಿದರೂ ಆ ಪಟ್ಟಿ ಸೋಲುತ್ತದೆ. ಹೊರಡುವ ಮೊದಲು ವಸತಿಯವರಿಗೆ ದೂರವಾಣಿಯಲ್ಲಿ ನಾಲ್ಕು ಮಾತು ಕೇಳಬೇಕು: ಹಾಸಿಗೆ ಹೊದಿಕೆ ಉಂಟೇ, ರಾತ್ರಿಯ ಚಳಿ ಎಷ್ಟು, ವಾಹನದಿಂದ ಡೇರೆಗೆ ದೂರವೆಷ್ಟು, ಊಟ ಎಷ್ಟು ಹೊತ್ತಿಗೆ? ಉತ್ತರದಲ್ಲಿ ಕಂಡ ಕೊರತೆಯನ್ನಷ್ಟೇ ಚೀಲಕ್ಕೆ ಹಾಕಬೇಕು.

ಅನುಭವದಿಂದ ಹೇಳುವುದಾದರೆ, ಸಾಮಾನ್ಯವಾಗಿ ಬೇಕಾಗುವುದು ಇಷ್ಟೇ: ಪ್ರತಿಯೊಬ್ಬರಿಗೂ ಒಂದು ಉಣ್ಣೆಯ ಅಂಗಿ, ಕಿವಿ ಮುಚ್ಚುವ ಟೋಪಿ, ಒದ್ದೆ ಹುಲ್ಲಿನಲ್ಲಿ ನಡೆಯಲು ಮುಚ್ಚಿದ ಪಾದರಕ್ಷೆ, ಎರಡು ಟಾರ್ಚ್ ಮತ್ತು ಹೆಚ್ಚುವರಿ ಬ್ಯಾಟರಿ, ನಿತ್ಯದ ಮಾತ್ರೆಗಳು, ಜ್ವರ ಕೆಮ್ಮುಗಳ ಔಷಧ, ಮೇಲೆ ಹೊದೆಯಲೂ ಕೆಳಗೆ ಹಾಸಲೂ ಬರುವ ಒಂದು ಶಾಲು, ನೀರಿನ ಬಾಟಲಿ. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಮನೆಯವರು ಇನ್ನೆರಡನ್ನು ಸೇರಿಸಬೇಕು: ನೀರು ಸೋಸುವ ಬಟ್ಟೆ ಮತ್ತು ಒಂದು ಹೊತ್ತಿಗಾಗುವಷ್ಟು ಅವಲಕ್ಕಿ, ಹುರಿಗಡಲೆ, ಖಾಖ್ರಾ, ಚಟ್ನಿಪುಡಿ. ನಮ್ಮ ವಸತಿಯಲ್ಲಿ ರಾತ್ರಿಯ ಊಟಕ್ಕೆ ಕರೆ ಬಂದದ್ದು ಒಂಬತ್ತು ಗಂಟೆಗೆ. ಅಲಂಕಾರದ ದೀಪಮಾಲೆ ಹೊತ್ತು ತಂದಿದ್ದ ನಾವು ಮನೆಯ ಹಿರಿಯರಿಗೆ ಒಂದು ಹಿಡಿ ಅವಲಕ್ಕಿ ತಂದಿರಲಿಲ್ಲ.

ಭಿಂಬರಿನಿಂದ ಮುಂದೆ ಪೀರ್ ಪಂಜಾಲ್ ಪರ್ವತವನ್ನು ಏರುವಾಗ ಸಂಭವಿಸಿದ ದುರಂತವನ್ನೂ ಬರ್ನಿಯರನು ಬರೆದಿದ್ದಾನೆ. ಅಂತಃಪುರದ ಸ್ತ್ರೀಯರನ್ನು ಹೊತ್ತ ಆನೆಗಳಲ್ಲಿ ಮುಂದಿನದೊಂದು ಬೆದರಿ ಹಿಂದಕ್ಕೆ ಸರಿಯಿತು. ಒಂದರ ಮೇಲೊಂದು ತಳ್ಳಲ್ಪಟ್ಟು ಹದಿನೈದು ಆನೆಗಳು ಇಳಿಜಾರಿಗೆ ಬಿದ್ದವು. ಮೂರು ನಾಲ್ಕು ಜನ ಸ್ತ್ರೀಯರು ಮರಣ ಹೊಂದಿದರು. ಅಷ್ಟು ಭಾರದ ಅಡಿಯಲ್ಲಿ ಬಿದ್ದ ಆನೆ ಮತ್ತೆ ಏಳುವುದಿಲ್ಲ. ಎರಡು ದಿನಗಳ ಅನಂತರ ಬರ್ನಿಯರನು ಅದೇ ದಾರಿಯಲ್ಲಿ ಹಾದುಹೋದಾಗ ಕೆಲವು ಆನೆಗಳು ಇನ್ನೂ ಸೊಂಡಿಲನ್ನು ಆಡಿಸುತ್ತಿದ್ದುವು. ಈ ಪುಟವನ್ನು ಓದಿದಾಗ ನಾನು ಕೆಲಸದವರ ಕೈಯಲ್ಲಿ ಹೊರಿಸಿ ತಂದ ಕುರ್ಚಿಯಲ್ಲಿ ಕುಳಿತಿದ್ದೆ.

ಹಿಂತಿರುಗುವ ದಿನ ನಮ್ಮ ಚೀಲಗಳನ್ನು ನಾವೇ ಹೊತ್ತು ಏರಿದೆವು. ನನ್ನ ಕುರ್ಚಿಯನ್ನು ಹೊರಲು ನನ್ನಿಂದ ಆಗಲಿಲ್ಲ. ಅದನ್ನು ಮೊದಲ ದಿನ ಇಳಿಸಿದವರೇ ಮತ್ತೆ ಮೇಲಕ್ಕೆ ತಂದರು. ಅವರಿಗೆ ಹಣ ಕೊಟ್ಟೆ, ಹೆಸರನ್ನೂ ಕೇಳಿದೆ. ಎರಡು ದಿನ ತಡವಾಗಿ ಕೇಳಿದ್ದಕ್ಕೆ ಸಂಕೋಚವಾಯಿತು. ಯಾತ್ರೆಗಳನ್ನು ಏರ್ಪಡಿಸುವ ನಮ್ಮ ಟ್ರಸ್ಟುಗಳೂ ಯಾತ್ರಿಕರಿಗೆ ಸೂಚನಾಪತ್ರಗಳನ್ನು ಹಂಚುತ್ತವೆ. ತರಬೇಕಾದ ವಸ್ತುಗಳ ಪಟ್ಟಿಯ ಕೊನೆಯಲ್ಲಿ ಅವು ಇನ್ನೊಂದು ಸಾಲನ್ನು ಸೇರಿಸಲೆಂದು ನನ್ನ ವಿನಂತಿ: ತಮ್ಮ ಚೀಲವನ್ನು ತುಂಬಿದ ಮೇಲೆ ಒಮ್ಮೆ ಎತ್ತಿಕೊಂಡು ಮನೆಯ ಮಹಡಿಯನ್ನು ಹತ್ತಿ ಇಳಿದು ನೋಡುವುದು, ಆಗದಿದ್ದರೆ ಬಿಚ್ಚಿ ಕಡಿಮೆ ಮಾಡುವುದು. ಮುಂದಿನ ಮಾಗಿಗೂ ಮಕ್ಕಳು ಡೇರೆಯ ಮಾತನ್ನು ಎತ್ತಿದ್ದಾರೆ. ನಾನು ಒಪ್ಪಿದ್ದೇನೆ. ಕುರ್ಚಿಯು ಮನೆಯಲ್ಲಿಯೇ ಇರುತ್ತದೆ.