ಮೆದುಳಿನ ಚಿತ್ರದಲ್ಲಿ ಕಾಣದ ಅರ್ಕಾವತ್ತು

ತರಗತಿಗೆ ಮೆದುಳಿನ ವಿಜ್ಞಾನ ತರುತ್ತೇವೆಂದು ಹೊರಟವರಲ್ಲಿ ಕಳ್ಳರೂ ಇದ್ದಾರೆ, ಸಾಚಾಗಳೂ ಇದ್ದಾರೆ. ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ, ‘ಮಿಡ್‌ಬ್ರೇನ್ ಆ್ಯಕ್ಟಿವೇಶನ್’ ಆಗಿದೆ, ಇನ್ನು ಮೂಸಿಯೇ ಓದುತ್ತದೆ ಎಂದು ತಂದೆತಾಯಿಯರಿಂದ ಸಾವಿರಾರು ರೂಪಾಯಿ ಕಿತ್ತವರು ಮೊದಲ ಗುಂಪಿನವರು. ಆ ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ಇಣುಕುತ್ತಾರೆ ಎಂಬುದನ್ನು ಮಂಗಳೂರಿನ ನರೇಂದ್ರ ನಾಯಕರು ಬಹಿರಂಗವಾಗಿಯೇ ಬಯಲು ಮಾಡಿದ ಮೇಲೆ ಅದರ ಬಗ್ಗೆ ಬರೆಯಲು ಹೆಚ್ಚೇನೂ ಉಳಿದಿಲ್ಲ. ಬೆರಳಚ್ಚು ನೋಡಿ ಮಗು ಎಂಜಿನಿಯರ್ ಆಗುತ್ತದೋ ಸಂಗೀತಗಾರ ಆಗುತ್ತದೋ ಎಂದು ಭವಿಷ್ಯ ಹೇಳುವವರನ್ನೂ ಅದೇ ಬೆಂಚಿನಲ್ಲಿ ಕೂರಿಸಬಹುದು. ಕಳ್ಳರನ್ನು ಬೈದು ಒಂದು ಶಾಸ್ತ್ರವನ್ನು ವಿಮರ್ಶಿಸಿದೆ ಎಂದುಕೊಳ್ಳುವುದು ಮಾತ್ರ ಸುಲಭದ ದಾರಿ. ತೂಗುವುದಾದರೆ ಆ ಶಾಸ್ತ್ರದ ಅತ್ಯುತ್ತಮ ಪ್ರತಿನಿಧಿಯನ್ನೇ ತೂಗಬೇಕು.

ಆ ಪ್ರತಿನಿಧಿ ಪ್ಯಾರಿಸ್ಸಿನ ಸ್ಟಾನಿಸ್ಲಾಸ್ ದೆಹೇನ್. ಓದುವ ಮೆದುಳಿನ ಬಗ್ಗೆ ಅವರು ಬರೆದ ‘ರೀಡಿಂಗ್ ಇನ್ ದ ಬ್ರೇನ್’ 2009ರಲ್ಲಿ ಇಂಗ್ಲಿಷಿಗೆ ಬಂತು. ‘ಹೌ ವಿ ಲರ್ನ್’ 2020ರಲ್ಲಿ. 2018ರಲ್ಲಿ ಫ್ರಾನ್ಸಿನ ಶಿಕ್ಷಣ ಸಚಿವಾಲಯ ವೈಜ್ಞಾನಿಕ ಮಂಡಳಿಯೊಂದನ್ನು ಕಟ್ಟಿದಾಗ ಅದರ ಅಧ್ಯಕ್ಷತೆ ಇವರಿಗೇ ಹೋಯಿತು. ಪ್ರಯೋಗಾಲಯದ ಮಾತು ಇಷ್ಟು ನೇರವಾಗಿ ಒಂದು ದೇಶದ ಶಾಲೆಗಳಿಗೆ ತಲುಪಿದ ಉದಾಹರಣೆ ಅಪರೂಪ. ದೆಹೇನ್ ಸೊಗಸಾಗಿ ಬರೆಯುತ್ತಾರೆ, ಮೂಢನಂಬಿಕೆಗಳಿಗೆ ಸೊಪ್ಪು ಹಾಕುವುದಿಲ್ಲ. ಒಂದು ಮಗು ನೋಡಿ ಕಲಿಯುತ್ತದೆ, ಇನ್ನೊಂದು ಮಗು ಕೇಳಿ ಕಲಿಯುತ್ತದೆ, ಆದ್ದರಿಂದ ಪಾಠವನ್ನು ಹಾಗೆ ಹಂಚಬೇಕು ಎಂಬ ‘ಕಲಿಕಾ ಶೈಲಿ’ಯ ವಾದವನ್ನು ಅವರು ಸಾರಾಸಗಟಾಗಿ ತಳ್ಳಿಹಾಕುತ್ತಾರೆ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಅದಕ್ಕೆ ತಕ್ಕ ಆಧಾರವಿಲ್ಲವೆಂದು 2008ರಲ್ಲೇ ತೋರಿಸಿದ್ದರು. ಆದರೂ 2012ರಲ್ಲಿ ಬ್ರಿಟನ್ ಮತ್ತು ನೆದರ್‌ಲ್ಯಾಂಡ್ಸಿನ ಶಿಕ್ಷಕರನ್ನು ಕೇಳಿದಾಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಅದನ್ನು ನಂಬಿದ್ದರು. ನಮ್ಮ ಬಿ.ಎಡ್. ಪಾಠಯೋಜನೆಗಳಲ್ಲೂ ಅದು ಇನ್ನೂ ಗಟ್ಟಿಯಾಗಿ ಕೂತಿದೆ.

‘ಹೌ ವಿ ಲರ್ನ್’ ಕಲಿಕೆಗೆ ನಾಲ್ಕು ಕಂಬಗಳನ್ನು ನೆಡುತ್ತದೆ: ಗಮನ, ಸಕ್ರಿಯವಾಗಿ ತೊಡಗುವುದು, ತಪ್ಪು ತಿಳಿದು ತಿದ್ದಿಕೊಳ್ಳುವುದು, ಕಲಿತದ್ದು ಮನಸ್ಸಿನಲ್ಲಿ ಗಟ್ಟಿಯಾಗುವುದು. ತಕರಾರು ತೆಗೆಯಲು ಇಲ್ಲಿ ಏನೂ ಇಲ್ಲ. ಪ್ರಶ್ನೆ ಬೇರೆ: ಈ ಕಂಬಗಳನ್ನು ನೆಟ್ಟದ್ದು ಮೆದುಳಿನ ವಿಜ್ಞಾನವೇ? ಬಿಡುವು ಕೊಟ್ಟು ಮರಳಿ ಓದಿದರೆ ನೆನಪು ಉಳಿಯುತ್ತದೆ ಎಂಬುದನ್ನು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರುಹೊಡೆದು ಕಂಡುಕೊಂಡಿದ್ದ. ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು ಮೇಲು ಎಂದು 2006ರಲ್ಲಿ ತೋರಿಸಿದ ರೋಡಿಗರ್ ಮತ್ತು ಕಾರ್ಪಿಕಿ ಬಳಸಿದ್ದು ಪೆನ್ನು, ಕಾಗದ, ವಿದ್ಯಾರ್ಥಿಗಳು, ಅಷ್ಟೇ. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮರಳಿ ಓದಿದವರೇ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಲೆಕ್ಕ ತಲೆಕೆಳಗಾಯಿತು: ನೆನಪಿಸಿಕೊಂಡವರಲ್ಲಿ ಶೇ. 56 ಉಳಿದಿತ್ತು, ಮರಳಿ ಓದಿದವರಲ್ಲಿ ಶೇ. 42. ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸು ತಿರುವಿಹಾಕಿ ‘ಎಲ್ಲ ಗೊತ್ತು’ ಎಂದು ಮಲಗುವ ನಮ್ಮ ಎಸ್‌ಎಸ್‌ಎಲ್‌ಸಿ ಹುಡುಗರಿಗೆ ಮೊದಲು ಹೇಳಬೇಕಾದ ಸಂಗತಿ ಇದು. ಇದರಲ್ಲಿ ಎಲ್ಲೂ ಸ್ಕ್ಯಾನರ್ ಇಲ್ಲ.

ಬ್ರಿಸ್ಟಲ್ ವಿಶ್ವವಿದ್ಯಾಲಯದ ಜೆಫ್ರಿ ಬವರ್ಸ್ 2016ರಲ್ಲಿ ಬರೆದ ಲೇಖನದ ತಿರುಳೂ ಹೆಚ್ಚುಕಡಿಮೆ ಇದೇ. ಒಂದು ಬೋಧನಾಕ್ರಮ ಫಲ ಕೊಟ್ಟಿತೇ ಎಂದು ತಿಳಿಯಲು ಮಗು ಓದುತ್ತಿದೆಯೇ, ಲೆಕ್ಕ ಮಾಡುತ್ತಿದೆಯೇ ಎಂದು ನೋಡಬೇಕು. ಮೆದುಳಿನ ಯಾವ ಭಾಗ ಬೆಳಗಿತು ಎಂಬುದು ಆ ತೀರ್ಪನ್ನು ಬದಲಿಸುವುದಿಲ್ಲ. ಜಾನ್ ಬ್ರೂಯರ್ 1997ರಲ್ಲೇ ನರಕೋಶದಿಂದ ತರಗತಿಗೆ ನೇರ ಸೇತುವೆ ಕಟ್ಟುವುದು ಕೈಮೀರಿದ ಆಸೆ ಎಂದಿದ್ದರು. ನಡುವೆ ಮನಶ್ಶಾಸ್ತ್ರವೆಂಬ ಕಂಬ ಬೇಕು ಎಂಬುದು ಅವರ ವಾದ. ದೆಹೇನ್ ಈ ಆಕ್ಷೇಪವನ್ನು ಎದುರಿಸುವುದಕ್ಕಿಂತ ಬದಿಗೆ ಸರಿಸುತ್ತಾರೆ. ತಮ್ಮ ನಾಲ್ಕು ಕಂಬಗಳ ಪಕ್ಕ ಮೆದುಳಿನ ಬಣ್ಣದ ಚಿತ್ರಗಳನ್ನು ಇಟ್ಟಾಗ ಓದುಗನಿಗೆ ಎರಡೂ ಒಂದೇ ಅನ್ನಿಸಿಬಿಡುತ್ತದೆ. ಆ ಚಿತ್ರಗಳು ಸುಳ್ಳಲ್ಲ, ಆದರೆ ಅಲ್ಲಿ ಅವುಗಳ ಕೆಲಸ ಸಾಕ್ಷಿ ಹೇಳುವುದಲ್ಲ, ಸಾಕ್ಷಿಗೆ ಪೇಟ ತೊಡಿಸುವುದು. ಡೀನಾ ವೈಸ್‌ಬರ್ಗ್ ಮತ್ತಿತರರು 2008ರಲ್ಲಿ ಮಾಡಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ: ಸಡಿಲವಾದ ವಿವರಣೆಯೊಂದಕ್ಕೆ ಸಂಬಂಧವಿಲ್ಲದ ಮೆದುಳಿನ ಮಾತನ್ನು ಸೇರಿಸಿದರೆ ಸಾಮಾನ್ಯ ಓದುಗರಿಗೆ ಅದು ಹೆಚ್ಚು ಒಪ್ಪಿಗೆಯಾಗುತ್ತಿತ್ತು. ತಜ್ಞರು ಮಾತ್ರ ಮರುಳಾಗಲಿಲ್ಲ.

ಗಮನದ ವಿಷಯಕ್ಕೆ ಬನ್ನಿ. ಗೋಡೆ ತುಂಬ ಚಿತ್ರಪಟ ತುಂಬಿದ ತರಗತಿಯಲ್ಲಿ ಚಿಕ್ಕ ಮಕ್ಕಳ ಗಮನ ಚದುರಿ ಕಲಿಕೆ ಕುಗ್ಗುತ್ತದೆ ಎಂಬ ಅಧ್ಯಯನವೊಂದು 2014ರಲ್ಲಿ ಅಮೆರಿಕದಲ್ಲಿ ಬಂತು. ಅದನ್ನು ಹಾಗೇ ಎತ್ತಿ ತಂದರೆ ಮೊದಲು ಕಿತ್ತುಹಾಕಬೇಕಾದದ್ದು ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಕೋಣೆಯ ಚಪ್ಪರವನ್ನು! ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಮೊಳೆತ ನಲಿಕಲಿಯ ಕೋಣೆ ಎಂದರೆ ತಲೆಯ ಮೇಲೆ ದಾರಕ್ಕೆ ನೇತುಬಿದ್ದ ಮಕ್ಕಳ ಚಿತ್ರ, ಗೋಡೆಗೆ ಹಲಗೆ, ಕಲಿಕಾ ಏಣಿ, ಹವಾಮಾನ ಪಟ. ಆದರೆ ಅಮೆರಿಕದ ಆ ಪ್ರಯೋಗದ ಗೋಡೆಯಲ್ಲಿದ್ದದ್ದು ಪಾಠಕ್ಕೆ ಸಂಬಂಧವಿಲ್ಲದ ಅಲಂಕಾರ, ಕೂತಿದ್ದದ್ದು ಮಕ್ಕಳ ಒಂದು ಚಿಕ್ಕ ಗುಂಪು. ನಲಿಕಲಿಯ ಗೋಡೆಯನ್ನು ಮಗು ದಿನವೂ ಬಳಸುತ್ತದೆ; ಏಣಿಯಲ್ಲಿ ತನ್ನ ಮೆಟ್ಟಿಲು ಯಾವುದೆಂದು ಹುಡುಕಿಕೊಂಡು ತಾನೇ ಕಾರ್ಡು ಎತ್ತಿಕೊಳ್ಳುತ್ತದೆ. ಎರಡನ್ನೂ ಒಂದೇ ಮಾಡುವುದು ವಿಜ್ಞಾನವಲ್ಲ.

ನಾಲ್ಕನೆಯ ಕಂಬದ ಬಳಿ ಮಾತ್ರ ಮೆದುಳಿನ ವಿಜ್ಞಾನಕ್ಕೆ ನಿಜವಾಗಿ ತನ್ನದೇ ಎನ್ನಬಹುದಾದ ಮಾತಿದೆ. ಹಗಲು ಕಲಿತದ್ದನ್ನು ನಿದ್ದೆಯಲ್ಲಿ ಮೆದುಳು ಮರುಓಡಿಸಿ ಗಟ್ಟಿ ಮಾಡಿಕೊಳ್ಳುತ್ತದೆ. ಹದಿಹರೆಯದಲ್ಲಿ ದೇಹದ ಗಡಿಯಾರ ತಡರಾತ್ರಿಯತ್ತ ಜಾರುತ್ತದೆ. ಬರೀ ಬಾಹ್ಯ ವರ್ತನೆ ನೋಡಿ ಇದನ್ನು ಸೋಮಾರಿತನ ಎನ್ನುತ್ತಿದ್ದೆವು. ಸಿಯಾಟಲ್ ನಗರ 2016ರಲ್ಲಿ ಹೈಸ್ಕೂಲನ್ನು ಬೆಳಿಗ್ಗೆ 7.50ರಿಂದ 8.45ಕ್ಕೆ ಮುಂದೂಡಿದಾಗ ಮಕ್ಕಳು ಸರಾಸರಿ 34 ನಿಮಿಷ ಹೆಚ್ಚು ಮಲಗಿದರು. ನಮ್ಮ ವಸತಿ ಪಿಯು ಕಾಲೇಜುಗಳು ಬೆಳಗಿನ ಐದರ ‘ಸ್ಟಡಿ ಅವರ್’ ಅನ್ನು ಹೆಗ್ಗಳಿಕೆಯಾಗಿ ಹೇಳಿಕೊಳ್ಳುತ್ತವೆ. ಬಲಮೆದುಳು, ಎಡಮೆದುಳು ಎಂದು ಕಾರ್ಯಾಗಾರ ನಡೆಸುವವರ ಬಾಯಲ್ಲಿ ಈ ವೇಳಾಪಟ್ಟಿಯ ಸುದ್ದಿ ಬರುವುದು ಕಡಿಮೆ. ಕಾರಣ ಊಹಿಸಬಹುದು: ಮಕ್ಕಳನ್ನು ಮಲಗಲು ಬಿಟ್ಟರೆ ಯಾವ ಕಿಟ್ಟೂ ಮಾರಾಟವಾಗುವುದಿಲ್ಲ.

ದೆಹೇನ್ ಅವರ ನಿಜವಾದ ಸಾಧನೆ ಇರುವುದು ಓದಿನ ವಿಷಯದಲ್ಲಿ. ಮೆದುಳಿನ ಎಡಭಾಗದಲ್ಲಿ, ಹಿಂಬದಿಯ ಕೆಳಗೆ, ಅಕ್ಷರ ಗುರುತಿಸುವ ಒಂದು ಸಣ್ಣ ಜಾಗವಿದೆ. ಹುಟ್ಟಿನಿಂದ ಅದು ಅಕ್ಷರಕ್ಕೆಂದು ಮೀಸಲಾಗಿ ಬಂದದ್ದಲ್ಲ. ಬರಹ ಹುಟ್ಟಿ ಐದಾರು ಸಾವಿರ ವರ್ಷವಷ್ಟೇ ಆಗಿದೆ. ಮುಖ, ವಸ್ತು ಗುರುತಿಸುತ್ತಿದ್ದ ಜಾಗವೇ ಓದು ಕಲಿತಾಗ ಹೊಸ ಕೆಲಸಕ್ಕೆ ಒಗ್ಗುತ್ತದೆ ಎಂಬುದು ಅವರ ಸಿದ್ಧಾಂತ. ಲಖನೌ ಬಳಿಯ ಹಳ್ಳಿಗಳಲ್ಲಿ ಓದುಬರಹ ಬಾರದ ವಯಸ್ಕರಿಗೆ ಆರು ತಿಂಗಳು ದೇವನಾಗರಿ ಕಲಿಸಿ, ಮುಂಚೆ ಮತ್ತು ಆಮೇಲೆ ಸ್ಕ್ಯಾನ್ ಮಾಡಿದ ಇನ್ನೊಂದು ತಂಡದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮೆದುಳಿನ ಆಳದ ದೃಷ್ಟಿ ಸಂಬಂಧಿತ ಭಾಗಗಳಲ್ಲೂ ಬದಲಾವಣೆ ಕಂಡಿತು. ಅಲ್ಲಿ ಕಲಿತವರಲ್ಲಿ ಹೆಚ್ಚಿನವರು ಮಹಿಳೆಯರು.

ಈ ಮಹಿಳೆಯರನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬರೆದವರಿಗೆ ಒಮ್ಮೆ ತೋರಿಸಬೇಕು. ಮಗುವಿನ ಮೆದುಳಿನ ಒಟ್ಟು ಬೆಳವಣಿಗೆಯಲ್ಲಿ ಶೇ. 85ಕ್ಕೂ ಹೆಚ್ಚು ಆರು ವರ್ಷದೊಳಗೇ ಆಗುತ್ತದೆ ಎಂದು ಆ ನೀತಿ ತನ್ನ ಮೊದಲ ಅಧ್ಯಾಯದಲ್ಲೇ ಸಾರುತ್ತದೆ. ಶೇ. 85 ಏನು? ಗಾತ್ರವೇ? ಸಂಪರ್ಕಜಾಲವೇ? ಆರನೇ ವಯಸ್ಸಿಗೆ ಮೆದುಳಿನ ಗಾತ್ರ ದೊಡ್ಡವರದರ ಹತ್ತಿರ ಬರುತ್ತದೆ, ನಿಜ. ಗಾತ್ರ ಕಲಿಕೆಯಲ್ಲ, ಮುಂಭಾಗದ ಮೆದುಳು ಇಪ್ಪತ್ತರ ಹರೆಯದವರೆಗೂ ಬಲಿಯುತ್ತಿರುತ್ತದೆ. ಅಂಗನವಾಡಿಗೆ ಒಳ್ಳೆಯ ಶಿಕ್ಷಕಿ, ಮೊಟ್ಟೆ, ಹಾಲು, ಜಾಗ ಬೇಕು ಎಂಬುದಕ್ಕೆ ಮಗು ಈಗ ಹಸಿದಿದೆ, ಈಗ ಆಡಬೇಕಿದೆ ಎಂಬ ಕಾರಣ ಸಾಲದೇ? ಈ ಶೇಕಡಾವಾರು ಮಾತಿಗೆ ಒಂದು ಅಡ್ಡಪರಿಣಾಮವೂ ಇದೆ. ನಾಲ್ಕನೇ ತರಗತಿಯಲ್ಲಿ ಓದಲು ತಡವರಿಸುವ ಮಗುವನ್ನು ನೋಡಿ ‘ಹೊತ್ತು ಮೀರಿತು’ ಎಂದು ಕೈಬಿಡಲು ಅದು ನೆಪ ಕೊಡುತ್ತದೆ.

ಇನ್ನು ಕನ್ನಡಕ್ಕೆ ಬಂದರೆ ನಿಜವಾದ ತೊಡಕು ಶುರುವಾಗುತ್ತದೆ. ದೆಹೇನ್ ಅವರ ಪುಸ್ತಕದಲ್ಲಿ ಚೀನಿ, ಜಪಾನಿ ಬರಹಕ್ಕೆ ಸಿಕ್ಕಷ್ಟು ಜಾಗ ಭಾರತದ ಲಿಪಿಗಳಿಗೆ ಸಿಕ್ಕಿಲ್ಲ. ಅವರ ಬೋಧನಾ ಸಲಹೆ, ಅಂದರೆ ಅಕ್ಷರಕ್ಕೆ ಧ್ವನಿಯನ್ನು ಒಂದೊಂದಾಗಿ, ನೇರವಾಗಿ ಜೋಡಿಸಿ ಕಲಿಸುವುದು, ಬಹುಮಟ್ಟಿಗೆ ಇಂಗ್ಲಿಷ್, ಫ್ರೆಂಚ್‌ಗಳ ಜಗಳದಿಂದ ಹುಟ್ಟಿದ್ದು. ಇಂಗ್ಲಿಷಿನ ಕಾಗುಣಿತ ಎಷ್ಟು ಕೆಟ್ಟದ್ದೆಂದರೆ, 2003ರ ಒಂದು ಯುರೋಪಿಯನ್ ಹೋಲಿಕೆಯಲ್ಲಿ ಮೊದಲ ವರ್ಷ ಮುಗಿಸಿದ ಫಿನ್‌ಲ್ಯಾಂಡಿನ ಮಕ್ಕಳು ಕೊಟ್ಟ ಪದಗಳಲ್ಲಿ ಶೇ. 98ನ್ನು ಸರಿಯಾಗಿ ಓದಿದರೆ, ಇಂಗ್ಲಿಷಿನಲ್ಲಿ ಓದು ಕಲಿತ ಮಕ್ಕಳು ಓದಿದ್ದು ಶೇ. 34. ಅಲ್ಲಿ ‘ಫೋನಿಕ್ಸ್’ ಬೇಕೇ ಬೇಡವೇ ಎಂಬುದು ದೊಡ್ಡ ಯುದ್ಧ. ನಮ್ಮಲ್ಲಿ ಆ ಯುದ್ಧವೇ ಇಲ್ಲ. ಕನ್ನಡವನ್ನು ಬರೆದಂತೆ ಓದಬಹುದು. ಕಷ್ಟ ಇರುವುದು ಅಕ್ಷರಗಳ ರಾಶಿಯಲ್ಲಿ. 34 ವ್ಯಂಜನಕ್ಕೆ 13 ಸ್ವರ ಸೇರಿಸಿದರೆ ಕಾಗುಣಿತವೇ 442. ಅದರ ಮೇಲೆ ಒತ್ತಕ್ಷರ.

ಬೆಂಗಳೂರಿನಲ್ಲಿ ಕೆಲಸ ಮಾಡಿದ ಸೋನಾಲಿ ನಾಗ್ 2007ರಲ್ಲಿ ಕನ್ನಡ ಮಕ್ಕಳ ಓದಿನ ಬಗ್ಗೆ ಪ್ರಕಟಿಸಿದ ಅಧ್ಯಯನ ಈ ರಾಶಿಯನ್ನು ಮಗು ಹೇಗೆ ದಾಟುತ್ತದೆ ಎಂದು ಹೇಳುತ್ತದೆ. 26 ಅಕ್ಷರದ ಇಂಗ್ಲಿಷಿನಂತೆ ಅಕ್ಷರ ಕಲಿಕೆ ಇಲ್ಲಿ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ. ಮೇಲಿನ ತರಗತಿಗಳಿಗೂ ಚಾಚುತ್ತದೆ. ಪದವನ್ನು ಒಂದೊಂದು ಧ್ವನಿಯಾಗಿ ಬಿಡಿಸುವ ಶಕ್ತಿಯೂ ನಿಧಾನಕ್ಕೆ ಬರುತ್ತದೆ, ಏಕೆಂದರೆ ಮಗುವಿನ ಕಣ್ಣಿಗೆ ‘ಕಿ’ ಎಂಬುದು ಒಂದೇ ಅಕ್ಷರ. ಆ ಮಗುವನ್ನು ಎರಡನೇ ತರಗತಿಯಲ್ಲೇ ಹಿಂದುಳಿದದ್ದು ಎಂದು ಗುರುತಿಸಿದರೆ ತಪ್ಪು ಮಗುವಿನದಲ್ಲ, ಅಳತೆಗೋಲಿನದು. ಮಗುವನ್ನು ಕೂರಿಸಿಕೊಂಡು ಓದಿಸಿ, ಬರೆಸಿ ನೋಡಿದ ಇಂಥ ಅಧ್ಯಯನ ನನ್ನ ಮಟ್ಟಿಗೆ ಹತ್ತು ಬಣ್ಣದ ಸ್ಕ್ಯಾನ್‌ಗಳಿಗಿಂತ ಶಿಕ್ಷಕಿಗೆ ಹತ್ತಿರ.

ನಮ್ಮ ಲಿಪಿಗಳು ದೊಡ್ಡ ಸಿದ್ಧಾಂತಗಳನ್ನೂ ಸ್ವಲ್ಪ ಅಲುಗಾಡಿಸುತ್ತವೆ. ಓದು ಕಲಿತವರು ಕನ್ನಡಿಬಿಂಬವನ್ನು ಬೇರೆಯೆಂದು ಗುರುತಿಸಲು ಕಲಿಯುತ್ತಾರೆ ಎಂಬುದು ದೆಹೇನ್‌ಗೆ ಪ್ರಿಯವಾದ ಮಾತು. ಇಂಗ್ಲಿಷಿನ ಬಿ ಮತ್ತು ಡಿ ಅಂಥ ಜೋಡಿ. ಆದರೆ ಡ್ಯಾನ್ಸಿಗರ್ ಮತ್ತು ಪೀಡರ್ಸನ್ 1998ರಲ್ಲಿ ತಮಿಳು ಮಾತ್ರ ಓದಬಲ್ಲವರನ್ನು ಪರೀಕ್ಷಿಸಿದಾಗ, ಅವರು ಈ ವಿಷಯದಲ್ಲಿ ಓದು ಬಾರದವರ ಹತ್ತಿರವೇ ಇದ್ದರು. ತಮಿಳಿನಲ್ಲಿ ಅಂಥ ಕನ್ನಡಿ ಜೋಡಿಗಳಿಲ್ಲ, ಕಣ್ಣಿಗೆ ಆ ತರಬೇತಿ ಬೇಕಾಗಿಲ್ಲ. ನಮ್ಮ ಮಗುವಿನ ಕಣ್ಣು ಎಡವುವುದು ಬೇರೆ ಕಡೆ: ‘ಮ’ ಮತ್ತು ‘ವ’, ‘ಥ’ ಮತ್ತು ‘ಧ’, ‘ಪ’ ಮತ್ತು ‘ಷ’. ‘ಅ ಆ ಇ ಈ’ಯಿಂದ ಶುರುಮಾಡದೆ ‘ರ ಗ ಸ ದ ಅ’ ಎಂದು ಹೊಸ ಸಾಲು ಕಟ್ಟಿದ ನಲಿಕಲಿಯವರಿಗೆ ಇದು ಗೊತ್ತಿತ್ತು. ಸರಳ ಆಕಾರ, ಬೇಗನೆ ‘ಸರ’, ‘ದರ’, ‘ಅಗಸ’ ಎಂದು ಪದ ಕಟ್ಟುವ ಅನುಕೂಲ.

ಸಾಲಿನ ಲೆಕ್ಕ ಒಂದಾದರೆ, ಹೆಚ್ಚು ಕುತೂಹಲದ್ದು ಅರ್ಕಾವತ್ತು. ‘ಕರ್ನಾಟಕ’ ಎಂಬ ಪದದಲ್ಲಿ ‘ರ್’ ಕೇಳುವುದು ‘ನಾ’ಗೆ ಮುಂಚೆ, ಬರೆಯುವುದು ‘ನಾ’ ಆದಮೇಲೆ. ಕಿವಿ ಒಂದು ಕ್ರಮ ಹೇಳುತ್ತದೆ, ಕಣ್ಣು ಇನ್ನೊಂದು. ‘ಸ್ತ್ರೀ’ಯಲ್ಲಿ ಕೊನೆಗೆ ಕೇಳುವ ಈಕಾರದ ಗುಡಿಸು ಮೊದಲ ‘ಸ’ದ ತಲೆಯ ಮೇಲಿದೆ. ಹಿಂದಿಯಲ್ಲಿ ವ್ಯಂಜನಕ್ಕೆ ಮೊದಲು ಬರೆದು ಆಮೇಲೆ ಉಚ್ಚರಿಸುವ ಹ್ರಸ್ವ ಇಕಾರವಿರುವ ಪದಗಳು ಓದುಗರನ್ನು ನಿಧಾನಗೊಳಿಸುತ್ತವೆ ಎಂದು ಜ್ಯೋತ್ಸ್ನಾ ವೈದ್ ಮತ್ತು ಆಶುಮ್ ಗುಪ್ತಾ 2002ರಲ್ಲಿ ತೋರಿಸಿದ್ದಾರೆ. ಕನ್ನಡದ ಮಗು ಪಠ್ಯಪುಸ್ತಕದ ರಟ್ಟಿನ ಮೇಲೆ ತನ್ನ ರಾಜ್ಯದ ಹೆಸರಲ್ಲೇ ಈ ಗಂಟನ್ನು ಎದುರಿಸುತ್ತದೆ. ಅಕ್ಷರಕ್ಕೊಂದು ಧ್ವನಿ, ಎಡದಿಂದ ಬಲಕ್ಕೆ ಒಂದರ ನಂತರ ಒಂದು ಎಂಬ ದೆಹೇನ್ ಮಾದರಿ ಇದರ ಬಗ್ಗೆ ಶಿಕ್ಷಕಿಗೆ ಏನು ಹೇಳುತ್ತದೆ? ಅವರ ಎರಡೂ ಪುಸ್ತಕಗಳಲ್ಲಿ ಉತ್ತರವಿಲ್ಲ.

ಈ ಅಲಕ್ಷ್ಯ ಪುಸ್ತಕದಲ್ಲೇ ಉಳಿಯುವುದಿಲ್ಲ, ಗುರಿಪಟ್ಟಿಗೂ ಇಳಿಯುತ್ತದೆ. 2021ರಲ್ಲಿ ಬಂದ ಕೇಂದ್ರದ ‘ನಿಪುಣ ಭಾರತ’ ಯೋಜನೆ ಮೂರನೇ ತರಗತಿಯ ಓದಿಗೆ ನಿಮಿಷಕ್ಕೆ ಕನಿಷ್ಠ 60 ಪದ ಎಂದು ಗುರಿ ಇಟ್ಟಿತು. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಾಲ್ಕೈದು ಪದವಾಗುವುದು ಕನ್ನಡದಲ್ಲಿ ‘ಹೋಗಬೇಕಾಗಿತ್ತೆಂದು’ ಎಂಬ ಒಂದೇ ಪದವಾಗುತ್ತದೆ. ಅರವತ್ತು ಪದ ಯಾರ ಪದ? ಎನ್‌ಸಿಇಆರ್‌ಟಿ 2022ರಲ್ಲಿ 20 ಭಾಷೆಗಳ ಮಕ್ಕಳನ್ನು ಓದಿಸಿ ನೋಡಿ, ಭಾಷೆಭಾಷೆಗೆ ಬೇರೆ ಮಾನದಂಡ ಗೊತ್ತುಮಾಡಿದ್ದು ಸರಿಯಾದ ಹೆಜ್ಜೆ. ವೇಗ ಎಷ್ಟೆಂದು ಅದು ಹೇಳುತ್ತದೆ. ಎಲ್ಲಿ, ಯಾಕೆ ನಿಲ್ಲುತ್ತಾರೆಂದು ಹೇಳುವುದಿಲ್ಲ. ಅದಕ್ಕೆ ಒಂದು ತಾಲ್ಲೂಕಿನ ಒಂದರಿಂದ ಐದನೇ ತರಗತಿವರೆಗಿನ ಉಕ್ತಲೇಖನದ ಪುಸ್ತಕಗಳನ್ನು ಸಾಲಾಗಿ ಹರಡಿಕೊಂಡು, ಅರ್ಕಾವತ್ತು ಯಾವ ತರಗತಿಯಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ, ಯಾವ ಒತ್ತು ಕೊನೆಯವರೆಗೂ ಜಾರುತ್ತದೆ ಎಂದು ಗುರುತು ಹಾಕಬೇಕು. ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆ (ಡಯಟ್) ಒಂದು ಇದನ್ನು ಮುಂದಿನ ಜೂನ್‌ನಲ್ಲೇ ಶುರುಮಾಡಬಹುದು.