ಹುಲಿ ನಾನು, ಕುರಿ ನೀನು

ಶ್ರೀರಂಗಪಟ್ಟಣದಿಂದ ನಾಗಮಂಗಲದ ತನಕ, ಹುಲಿ-ಕುರಿ ಆಟಕ್ಕೆ ಮಣೆಯೇ ಬೇಕೆಂದಿಲ್ಲ. ಜಗಲಿ ಕಲ್ಲಿನ ಮೇಲೆ ಇದ್ದಲಿನಲ್ಲಿ ಗೆರೆ ಎಳೆದರೆ ಕಾಡು ಸಿದ್ಧ. 3 ಹುಣಸೆಬೀಜ ಹುಲಿ, 15 ಕಲ್ಲುಚೂರು ಕುರಿ. ಊರಿಂದೂರಿಗೆ ಲೆಕ್ಕ ಬದಲಾಗುವುದೂ ಉಂಟು.

ಚೌಕಾಬಾರದಲ್ಲಿ ಎಲ್ಲರದೂ ಒಂದೇ ಓಟ, ಕವಡೆ ಹೇಳಿದಷ್ಟೇ ನಡೆ. ಇಲ್ಲಿ ಕವಡೆಯಿಲ್ಲ, ಇಬ್ಬರ ಪಾತ್ರವೂ ಬೇರೆ. ಹುಲಿ ಕುರಿಯನ್ನು ಹಾರಿ ಆಚೆಯ ಖಾಲಿ ಮನೆಗೆ ಬಿದ್ದರೆ ಕುರಿ ಹೋಯಿತು. ಕುರಿಗೆ ಕೊಲ್ಲುವ ಹಕ್ಕಿಲ್ಲ. ಒಂದರ ಬೆನ್ನಿಗೊಂದು ನಿಂತು ಹುಲಿ ಅಲುಗದಂತೆ ಕಟ್ಟಿಹಾಕಬೇಕು. ಎಲ್ಲ ಕುರಿಗಳನ್ನೂ ಇಳಿಸುವ ತನಕ ಒಂದನ್ನೂ ಸರಿಸುವಂತಿಲ್ಲ. ಆ ಹೊತ್ತೇ ಆಟದ ಜೀವ. ಅಂಚಿನ ಮನೆಗಳಿಂದ ತುಂಬುತ್ತ, ಹಿಂದೆ ಖಾಲಿ ಬಿಡದೆ ಬರುವವರ ಕೈ ನೋಡುವುದೇ ಒಂದು ಸುಖ.

ಅಮೆರಿಕದಲ್ಲಿ 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಗಾರರನ್ನು ಹಿಡಿದಿಟ್ಟದ್ದೂ ಪಾತ್ರದ ಸೆಳೆತದಿಂದಲೇ: ಬೇರೆ ಯಾರೋ ಆಗಿ, ಅವರ ಬಲ, ಮಿತಿಗಳೊಳಗೇ ಯೋಚಿಸುವುದು. ಅಲ್ಲಿ ನಿಯಮಗಳಿಗೆ ಪುಸ್ತಕವಿದೆ. ಇಲ್ಲಿ ಅವು ಸುತ್ತ ನಿಂತವರ ಬಾಯಲ್ಲಿವೆ. “ಅಲ್ಲಿಕ್ಬೇಡ ಕಣ್ಲಾ, ಹಾರ್ತದೆ!” ಎಂದು ಕೂಗುವವರೂ ಆಟದವರೇ. ಒಂದಾಟ ಮುಗಿದರೆ ಪಾತ್ರ ಅದಲುಬದಲು. ಈಗಷ್ಟೇ ಬೇಟೆಯಾಡಿದವನು ಮಂದೆ ಕಾಯಬೇಕು.