ಹಕಲ್‌ಬೆರಿ ಫಿನ್: ಶಾಲಾಪಠ್ಯ ಮತ್ತು ನಿಂದೆಯ ಪದ

ಮಾರ್ಕ್ ಟ್ವೈನನ ‘ಅಡ್ವೆಂಚರ್ಸ್ ಆಫ್ ಹಕಲ್‌ಬೆರಿ ಫಿನ್’ ಕಾದಂಬರಿ ಅಮೆರಿಕದಲ್ಲಿ ಎದುರಿಸಿದ ನಿಷೇಧಗಳನ್ನೆಲ್ಲ ಒಂದೇ ಸರಪಳಿಯ ಕೊಂಡಿಗಳೆಂದು ವಿವರಿಸುವ ರೂಢಿಯಿದೆ. ಅದು ಪರಿಶೀಲನೆಗೆ ನಿಲ್ಲುವುದಿಲ್ಲ. 1885ರಲ್ಲಿ ಕಾಂಕರ್ಡ್‌ನ ಸಾರ್ವಜನಿಕ ಗ್ರಂಥಾಲಯ ಕೃತಿಯನ್ನು ಹೊರಗಿಟ್ಟದ್ದು ಹಕ್‌ನ ಒರಟು ನಡೆನುಡಿಗಾಗಿ. ಅದು ಶಿಷ್ಟರ ಮಡಿವಂತಿಕೆ. 1957ರಲ್ಲಿ ನ್ಯೂಯಾರ್ಕ್ ನಗರದ ಶಿಕ್ಷಣ ಮಂಡಳಿ ಕೆಳತರಗತಿಗಳ ಅನುಮೋದಿತ ಪಟ್ಟಿಯಿಂದ ಅದನ್ನು ಕೈಬಿಟ್ಟಾಗ ಮುಂದೆ ಬಂದಿದ್ದ ಪ್ರಶ್ನೆ ಜನಾಂಗೀಯ ಅವಹೇಳನದ್ದು. ಇಲ್ಲಿ ನೊಂದವರ ದನಿಯಿದೆ. ಎರಡನ್ನೂ ‘ಸೆನ್ಸಾರ್‌ಶಿಪ್’ ಎಂಬ ಒಂದೇ ಹೆಸರಿನಿಂದ ಕರೆಯುವ ವಿಮರ್ಶೆ ಈ ದನಿಯನ್ನು ಕೇಳಿಸಿಕೊಳ್ಳುವುದಿಲ್ಲ.

ಕಪ್ಪು ಜನರನ್ನು ಹೀಗಳೆಯುವ ಆ ಪದ ಕಾದಂಬರಿಯಲ್ಲಿ 219 ಬಾರಿ ಬರುತ್ತದೆ. (ಕನ್ನಡದ ‘ಕರಿಯ’ ಮುದ್ದಿನ ಹೆಸರೂ ಆಗಬಲ್ಲದಾದ್ದರಿಂದ ಅನುವಾದದಲ್ಲಿ ಅದರ ವಿಷದ ಅಳತೆ ಸಿಗುವುದು ಕಷ್ಟ.) 2011ರಲ್ಲಿ ಅಲನ್ ಗ್ರಿಬನ್ ಸಂಪಾದಿಸಿದ ಆವೃತ್ತಿ ಅದರ ಜಾಗದಲ್ಲಿ ‘ಗುಲಾಮ’ ಎಂಬರ್ಥದ ಪದವನ್ನಿಟ್ಟಿತು. ಉದ್ದೇಶ ಪುಸ್ತಕವನ್ನು ತರಗತಿಗೆ ಮರಳಿ ತರುವುದಾಗಿತ್ತು. ಆದರೆ ಎರಡು ಪದಗಳು ಸಮಾನಾರ್ಥಕಗಳಲ್ಲ. ಗುಲಾಮತನ ಕಾನೂನು ಕೊಟ್ಟ ಸ್ಥಾನ, ಕಾನೂನಿನಿಂದಲೇ ಕೊನೆಗಾಣುವಂಥದು. ನಿಂದೆ ಹಾಗಲ್ಲ. ಒಹಾಯೊದಿಂದ ಬಂದ, ಹಲವು ಭಾಷೆ ಬಲ್ಲ, ಮತದಾನದ ಹಕ್ಕೂ ಇರುವ ಪ್ರಾಧ್ಯಾಪಕನನ್ನು ಕಂಡು ಹಕ್‌ನ ಕುಡುಕ ತಂದೆ ಕುದಿಯುವುದು ಆತ ಗುಲಾಮನೆಂದಲ್ಲ, ಗುಲಾಮನಲ್ಲವೆಂದು. ಕಾದಂಬರಿಯ ಕೊನೆಯ ಭಾಗದಲ್ಲಿ ಜಿಮ್‌ನನ್ನು ಕೂಡಿಹಾಕಿರುವಾಗ, ಮಿಸ್ ವಾಟ್ಸನ್ ಉಯಿಲಿನ ಮೂಲಕ ಅವನನ್ನು ಆಗಲೇ ಬಿಡುಗಡೆ ಮಾಡಿರುತ್ತಾಳೆ. ಸ್ವತಂತ್ರನಾದವನನ್ನೂ ಅದೇ ಪದದಿಂದ ಕರೆಯಲಾಗುತ್ತದೆ. ಟ್ವೈನನ ವ್ಯಂಗ್ಯದ ಮೊನೆ ಇರುವುದೇ ಇಲ್ಲಿ. ಬದಲಿ ಪದ ಅದನ್ನು ಮೊಂಡಾಗಿಸುತ್ತದೆ.

ಹಾಗೆಂದು ವ್ಯಂಗ್ಯದ ಹೆಸರು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಆ ಪದವನ್ನು ಗಟ್ಟಿಯಾಗಿ ಓದಿದಾಗ ಇಡೀ ತರಗತಿ ಒಬ್ಬಳೇ ಕಪ್ಪು ಹುಡುಗಿಯತ್ತ ತಿರುಗಿ ನೋಡಿದರೆ, ಆ ಕ್ಷಣಕ್ಕೆ ಟ್ವೈನನ ಸದಾಶಯ ಒದಗುವುದಿಲ್ಲ. ಟೋನಿ ಮಾರಿಸನ್ 1996ರ ಪೀಠಿಕೆಯಲ್ಲಿ ಈ ಕೃತಿಯ ಓದು ತನ್ನಲ್ಲಿ ಮೂಡಿಸಿದ ಕಸಿವಿಸಿಯನ್ನು ಮುಚ್ಚಿಡಲಿಲ್ಲ. ಆದರೂ ನಿಷೇಧದಿಂದ ಸಮಾಧಾನಗೊಳ್ಳುವವರು ಹಿರಿಯರೇ ಹೊರತು ಮಕ್ಕಳು ಕಲಿಯುವುದೇನೂ ಇಲ್ಲವೆಂದು ಕಂಡರು. ಯಾವ ವಯಸ್ಸಿಗೆ, ಯಾವ ಸಿದ್ಧತೆಯೊಡನೆ, ಯಾರ ದನಿಯಲ್ಲಿ ಓದಿಸಬೇಕೆಂಬ ಪ್ರಶ್ನೆ ನಿಷೇಧಿಸುವವರಿಗೂ ಅದನ್ನು ವಿರೋಧಿಸುವವರಿಗೂ ಅಷ್ಟಾಗಿ ಬೇಕಾದಂತಿಲ್ಲ.

2024ರಲ್ಲಿ ಪರ್ಸಿವಲ್ ಎವರೆಟ್ ‘ಜೇಮ್ಸ್’ ಕಾದಂಬರಿಯಲ್ಲಿ ಇದೇ ಕಥೆಯನ್ನು ಜಿಮ್‌ನ ಬಾಯಲ್ಲಿ ಹೇಳಿಸಿದರು. ಅಲ್ಲಿಯೂ ಒಂದು ಪಾಠ ನಡೆಯುತ್ತದೆ: ಬಿಳಿಯರ ಮುಂದೆ ಅವರು ನಿರೀಕ್ಷಿಸುವ ಮುರುಕು ಮಾತನ್ನೇ ಆಡಬೇಕೆಂದು ಜಿಮ್ ಗುಡಿಸಲಿನೊಳಗೆ ಮಕ್ಕಳಿಗೆ ಕಲಿಸುತ್ತಾನೆ.